ಮೋಟಾರು ವಿಮಾ ಸರ್ವೇಯರ್ ವೃತ್ತಿ: ಭಾನುವಾರದ ಮಾಹಿತಿ ಸಭೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಅಪಘಾತಕ್ಕೀಡಾದ ವಾಹನಗಳ ನಷ್ಟವನ್ನು ವಿಮಾ ಕಂಪನಿಗಳಿಗಾಗಿ ಅಂದಾಜಿಸುವ ಸರ್ವೇಯರ್ ವೃತ್ತಿಗೆ ಸೇರುವ ಬಗೆಯನ್ನು ವಿವರಿಸಲು ಬರುವ ಭಾನುವಾರ ಬೆಳಿಗ್ಗೆ 10.30ಕ್ಕೆ ಬಳ್ಳಾರಿಯ ನಮ್ಮ ಕಚೇರಿಯಲ್ಲಿ ಸಭೆ ಕರೆಯಲಾಗಿದೆ. ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ವಿಭಾಗದಲ್ಲಿ ಡಿಪ್ಲೊಮಾ, ಬಿ.ಇ. ಮುಗಿಸಿದವರು ತಪ್ಪದೆ ಬರಬೇಕು. ರಾಯಚೂರು, ಕೊಪ್ಪಳದ ಸದಸ್ಯರಿಗೂ ಸ್ವಾಗತವಿದೆ.

ಈ ಕೆಲಸಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಬೇಕು. ಅದನ್ನು ಪಡೆಯಲು ಪರವಾನಗಿಯುಳ್ಳ ಹಿರಿಯ ಸರ್ವೇಯರ್ ಒಬ್ಬರ ಬಳಿ 12 ತಿಂಗಳ ತರಬೇತಿ ಪೂರೈಸಿ, ನಿಗದಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ತರಬೇತಿ ಕೊಡಲು ಒಪ್ಪುವ ಹಿರಿಯರನ್ನು ಹುಡುಕುವುದೇ, ನನ್ನ ಅಭಿಪ್ರಾಯದಲ್ಲಿ, ಪರೀಕ್ಷೆಗಿಂತ ಕಠಿಣವಾದುದು. ಆದ್ದರಿಂದ ಆ ವಿಷಯಕ್ಕೆ ಸಭೆಯಲ್ಲಿ ಹೆಚ್ಚು ಸಮಯ ಮೀಸಲಿಟ್ಟಿದ್ದೇವೆ.

ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟಿಗೆ ಸಹಿ ಹಾಕುವುದಷ್ಟೇ ಸರ್ವೇಯರ್ ಕೆಲಸವೆಂದು ಯಾರೂ ಭಾವಿಸಬಾರದು. ಹಳೆಯ ಜಖಂ ಯಾವುದು, ಈ ಅಪಘಾತದಲ್ಲಿ ಆದದ್ದು ಯಾವುದು ಎಂದು ಗುರುತಿಸಬೇಕು. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಸವಕಳಿ (ಬಳಕೆಯಿಂದ ಕುಸಿದ ಮೌಲ್ಯ) ಕಳೆಯಬೇಕು, ಗಾಜಿಗೆ ಕಳೆಯುವಂತಿಲ್ಲ. ಸಂಡೂರಿನ ಅದಿರು ಲಾರಿಗಳ ಕೆಳಗೆ ಮಲಗಿ ಚಾಸಿ ನೋಡಲು ಹಿಂಜರಿಯುವವರಿಗೆ ಇದು ಒಗ್ಗುವುದು ಕಷ್ಟ.

ಬರುವವರು ಅಂಕಪಟ್ಟಿಗಳ ಜೆರಾಕ್ಸ್ ಪ್ರತಿಗಳನ್ನು ತರಬೇಕು. ಆಸನಗಳ ವ್ಯವಸ್ಥೆಗಾಗಿ ಶುಕ್ರವಾರ ಸಂಜೆಯೊಳಗೆ ಹೆಸರು, ಊರು, ವಿದ್ಯಾರ್ಹತೆಯನ್ನು ಇದೇ ಗುಂಪಿನಲ್ಲಿ ತಿಳಿಸಬೇಕೆಂದು ವಿನಂತಿ. ಶುಭಾಶಯದ ಚಿತ್ರಗಳನ್ನು ಅಲ್ಲಿಯವರೆಗೆ ದಯವಿಟ್ಟು ಹಾಕಬೇಡಿ, ಉತ್ತರಗಳು ಕಣ್ಣಿಗೆ ಬೀಳದೆ ಹೋಗುತ್ತವೆ.