ಅಪ್‌ಗ್ರೇಡ್ ಮಾಡಬಹುದು ಎಂದು ಹೇಳಿ ಮಾರಿದ ಡೆಸ್ಕ್‌ಟಾಪ್ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ನವೆಂಬರ್ 2025ರಲ್ಲಿ ಕೊಂಡ ಡೆಸ್ಕ್‌ಟಾಪ್ ಬದಲಿಸಿ ಕೊಡುವ ಬಗ್ಗೆ

ಮಾನ್ಯರೇ,

ಕಳೆದ ನವೆಂಬರ್‌ನಲ್ಲಿ ನಿಮ್ಮ ದಾವಣಗೆರೆ ಅಂಗಡಿಯಲ್ಲಿ 17,800 ರೂಪಾಯಿ ಕೊಟ್ಟು ಒಂದು ಡೆಸ್ಕ್‌ಟಾಪ್ ಕೊಂಡೆ. ಬಿಲ್ಲಿನಲ್ಲಿ ‘ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ’ ಎಂದಷ್ಟೇ ಬರೆದಿದ್ದಾರೆ, ಅಂದರೆ ಪ್ರೊಸೆಸರ್, ಕೆಲಸದ ಮೆಮೊರಿ, ಫೈಲ್ ಉಳಿಸುವ ಡ್ರೈವ್.

ನಾನು ಮನೆಯಲ್ಲೇ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪಿಂಗ್ ಮಾಡಿಕೊಡುತ್ತೇನೆ. ಲಗ್ನಪತ್ರಿಕೆ, ಅರ್ಜಿ, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್, ಹೀಗೆ. ಮಗಳು ಸಿವಿಲ್ ಡಿಪ್ಲೊಮಾ ಓದುತ್ತಿದ್ದಾಳೆ. ಮುಂದೆ ಅವಳಿಗೆ ಕಂಪ್ಯೂಟರ್‌ನಲ್ಲೇ ಕಟ್ಟಡದ ನಕ್ಷೆ ಬಿಡಿಸುವ ಕ್ಯಾಡ್ ಡ್ರಾಯಿಂಗ್ ಮಾಡುವುದಿದೆ. ಇಷ್ಟನ್ನೂ ಹೇಳಿಯೇ ಕಂಪ್ಯೂಟರ್ ಕೇಳಿದ್ದೆ. “ಈಗ ಇದು ಸಾಕು ಮೇಡಂ. ಬೇಕಾದಾಗ ಅಪ್‌ಗ್ರೇಡ್ ಮಾಡ್ಕೊಳ್ಳಿ, ಐದಾರು ವರ್ಷ ಚಿಂತೆ ಇಲ್ಲ” ಎಂದರು. ಆ ಮಾತು ನಂಬಿ ಕೊಂಡೆ.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ದಿನದ ಕೆಲಸಕ್ಕೆ ಈ ಕಂಪ್ಯೂಟರ್ ಕೆಟ್ಟದ್ದಲ್ಲ. ಎಸ್‌ಎಸ್‌ಡಿ ಇರುವುದರಿಂದ ಬೇಗ ಆನ್ ಆಗುತ್ತದೆ. ನುಡಿ, ಎಕ್ಸೆಲ್, ಪಹಣಿ ತೆಗೆಯುವುದು, ಮಗಳ ಯೂಟ್ಯೂಬ್ ಪಾಠ, ಯಾವುದಕ್ಕೂ ತೊಂದರೆ ಇಲ್ಲ. ಬ್ರೌಸರ್‌ನಲ್ಲಿ ಜಾಸ್ತಿ ಟ್ಯಾಬ್ ತೆರೆದಾಗ ಮಾತ್ರ ನಿಧಾನವಾಗುತ್ತದೆ. ಅದಕ್ಕೇ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಲು ಹೋದೆ. ಆಗ ನಿಜ ಗೊತ್ತಾಯಿತು.

ರಿಪೇರಿಯವರು ಕ್ಯಾಬಿನೆಟ್ ತೆರೆದು ತೋರಿಸಿದರು. ಒಳಗಿರುವ ಪ್ರೊಸೆಸರ್ ಐ5 3470. ಇಂಟೆಲ್ ಇದನ್ನು ಬಿಡುಗಡೆ ಮಾಡಿದ್ದು 2012ರಲ್ಲಿ. ಐ5 ಎನ್ನುವುದು ನಿಜ, ಆದರೆ ಮೂರನೇ ತಲೆಮಾರಿನ ಐ5. ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್ ಎಚ್61 ಎಂಬ ಮಾದರಿಯದು. ಅದರಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್, ಎರಡರಲ್ಲೂ 4 ಜಿಬಿ ಕೂರಿಸಿದ್ದೀರಿ. ಹೊಸದು ಹಾಕಬೇಕೆಂದರೆ ಇರುವುದನ್ನು ಕಿತ್ತು ಬದಿಗಿಡಬೇಕು. ಹಾಕಿದರೂ ಹಳೇ ಬಗೆಯ ಡಿಡಿಆರ್3 ರ‍್ಯಾಮ್. ನಾಳೆ ಬೋರ್ಡ್ ಬದಲಿಸಿದರೆ ಅದು ನಂತರದ ಬಗೆಯ ಡಿಡಿಆರ್4 ಸ್ಲಾಟ್‌ನಲ್ಲಿ ಕೂರುವುದೇ ಇಲ್ಲ. ಅಂದರೆ ಈಗ ರ‍್ಯಾಮ್‌ಗೆ ಹಾಕುವ ಹಣವೂ ಹೋದ ಹಾಗೆಯೇ ಅಲ್ವಾ?

ಪ್ರೊಸೆಸರ್ ಬದಲಿಸೋಣವೆಂದರೆ ಅದು ಕೂರುವ ಈ ಸಾಕೆಟ್‌ಗೆ ಮೂರನೇ ತಲೆಮಾರು ಕೊನೆಯದು. ಹೆಚ್ಚೆಂದರೆ ಅದೇ ಕಾಲದ ಹಳೇ ಐ7 ಒಂದನ್ನು ಹುಡುಕಿ ತರಬಹುದು. ನಮ್ಮ ಬೋರ್ಡ್‌ನಲ್ಲಿ ಹೊಸ ಬಗೆಯ ವೇಗದ ಎಸ್‌ಎಸ್‌ಡಿ ಹಾಕುವ ಎಂ.2 ಸ್ಲಾಟ್ ಇಲ್ಲ. ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ ಬೇರೆ ವೈರ್, ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ಇಲ್ಲ. ಹಾಗಾದರೆ ನಾನು ಅಪ್‌ಗ್ರೇಡ್ ಮಾಡಬೇಕಾದ್ದು ಯಾವುದನ್ನು?

ನನಗೆ ಎಲ್ಲಕ್ಕಿಂತ ನೋವಾದದ್ದು ವಿಂಡೋಸ್ ವಿಷಯದಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿತ್ತು. ನೀವು ನನಗೆ ನವೆಂಬರ್‌ನಲ್ಲಿ ವಿಂಡೋಸ್ 10 ಹಾಕಿಕೊಟ್ಟಿರಿ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಾದರೂ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನಿಮ್ಮ ಸರ್ವಿಸ್‌ನವರಿಗೆ ಫೋನ್ ಮಾಡಿದರೆ “ಅಡ್ಡದಾರಿಯಲ್ಲಿ 11 ಹಾಕಿಕೊಡ್ತೀವಿ” ಎಂದರು. ಹಾಗೆ ಹಾಕಿದ ಕಂಪ್ಯೂಟರ್‌ಗೆ ಅಪ್‌ಡೇಟ್ ಬರುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಸದ್ಯಕ್ಕೆ ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟ್ ಅಕ್ಟೋಬರ್ 2026ರವರೆಗೆ ಬರುತ್ತದೆ. ಆಮೇಲೆ? ನನ್ನ ಬಳಿ ಟೈಪಿಂಗ್‌ಗೆ ಬರುವವರು ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಎಲ್ಲ ಕೊಟ್ಟು ಹೋಗುತ್ತಾರೆ. ನಂಬಿ ಕೊಟ್ಟ ಆ ಕಾಗದಗಳನ್ನು ರಕ್ಷಣೆ ಇಲ್ಲದ ಕಂಪ್ಯೂಟರ್‌ನಲ್ಲಿ ಇಡಲು ನನಗೆ ಮನಸ್ಸಿಲ್ಲ.

ಹಳೇ ಪ್ರೊಸೆಸರ್ ಮಾರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. “ಇದು 2012ರದು, ಟೈಪಿಂಗ್‌ಗೆ ಸಾಕು, ಮುಂದಕ್ಕೆ ಬೆಳೆಯುವುದಿಲ್ಲ” ಎಂದಿದ್ದರೆ ಇನ್ನೆರಡು ತಿಂಗಳು ಕಾದು, ಸ್ವಲ್ಪ ಹಣ ಸೇರಿಸಿ ಬೇರೆಯದನ್ನು ಕೊಳ್ಳುತ್ತಿದ್ದೆ. ಆ ಅವಕಾಶವನ್ನೇ ನನಗೆ ಕೊಡಲಿಲ್ಲ.

ಆದ್ದರಿಂದ ಮಾನಿಟರ್, ಕೀಬೋರ್ಡ್ ನನ್ನ ಬಳಿಯೇ ಇರಲಿ. ಸಿಪಿಯು, ಅಂದರೆ ಒಳಗಿನ ಭಾಗಗಳ ಸಮೇತ ಇಡೀ ಕ್ಯಾಬಿನೆಟ್, ಮಾತ್ರ ವಾಪಸ್ ತೆಗೆದುಕೊಂಡು, ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್, ಡಿಡಿಆರ್4 ರ‍್ಯಾಮ್ ಮತ್ತು ಒಂದು ಖಾಲಿ ರ‍್ಯಾಮ್ ಸ್ಲಾಟ್ ಇರುವುದನ್ನು ಕೊಡಿ. ನ್ಯಾಯವಾದ ವ್ಯತ್ಯಾಸದ ಹಣ ಕೊಡಲು ಸಿದ್ಧಳಿದ್ದೇನೆ. ಆಗದಿದ್ದರೆ ಸಿಪಿಯು ಹಣ ಮರಳಿಸಿ. ಜೊತೆಗೆ ಇನ್ನು ಮುಂದಾದರೂ ಬಿಲ್ಲಿನಲ್ಲಿ ಪ್ರೊಸೆಸರ್‌ನ ಪೂರ್ತಿ ನಂಬರು, ಬೋರ್ಡ್ ಹೆಸರು, ಖಾಲಿ ಸ್ಲಾಟ್ ಎಷ್ಟು ಎಂಬುದನ್ನು ಬರೆದು ಕೊಡಿ. ನನ್ನಂತೆ ಕೂಡಿಟ್ಟ ಹಣ ತಂದು ಕೊಳ್ಳುವವರು ಬಹಳ ಜನ ಇದ್ದಾರೆ.

15 ದಿನದೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಬಿಲ್ಲಿನ ಪ್ರತಿ, ಬೋರ್ಡ್‌ನ ಫೋಟೋ, ಎರಡೂ ಸ್ಲಾಟ್ ತುಂಬಿರುವುದನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ಚಿತ್ರ ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ,
ದಾವಣಗೆರೆ