ಈಮ್ ಗ್ರಾಮದ ಭೇಟಿ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಈ ಭಾನುವಾರ ನಾವು ನೋಡಲಿರುವ ಇಂಗ್ಲೆಂಡಿನ ಡರ್ಬಿಶೈರ್‌ನ ಈಮ್ ಗ್ರಾಮದ ಬಗ್ಗೆ ಕೆಲವು ಸಂಗತಿಗಳು ಮೊದಲೇ ತಿಳಿದಿರಲೆಂದು ಬರೆಯುತ್ತಿದ್ದೇನೆ.

1665ರಲ್ಲಿ ಲಂಡನ್ನಿನಿಂದ ದರ್ಜಿಯೊಬ್ಬನ ಮನೆಗೆ ಬಂದ ಬಟ್ಟೆಯ ಗಂಟಿನೊಡನೆ ಪ್ಲೇಗ್ ಊರು ಹೊಕ್ಕಿತೆಂಬುದು ಅಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು. ಮರುವರ್ಷ ಪಾದ್ರಿ ವಿಲಿಯಂ ಮೊಂಪೆಸನ್ ಹಾಗೂ ಅಲ್ಲಿ ಹಿಂದೆ ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ ಇಬ್ಬರೂ ಸೇರಿ, ರೋಗವು ನೆರೆಯೂರುಗಳಿಗೆ ಹರಡದಂತೆ ಯಾರೂ ಊರ ಗಡಿ ದಾಟಬಾರದೆಂದು ಜನರನ್ನು ಒಪ್ಪಿಸಿದರು. ಪ್ಲೇಗ್ ಊರಲ್ಲಿದ್ದ ಒಟ್ಟು ಹದಿನಾಲ್ಕು ತಿಂಗಳಲ್ಲಿ ತೀರಿಕೊಂಡವರು ಸುಮಾರು 260 ಮಂದಿ. ಮೊಂಪೆಸನ್ನರ ಪತ್ನಿ ಕ್ಯಾಥರೀನ್ ಕೂಡ ಅವರಲ್ಲಿ ಒಬ್ಬರು.

ಗಡಿಕಲ್ಲನ್ನು ದಯವಿಟ್ಟು ಹತ್ತಿರದಿಂದ ನೋಡಿ. ನಾಣ್ಯಗಳ ಮೂಲಕ ರೋಗ ಹರಡದಿರಲೆಂದು ಅದರಲ್ಲಿ ಕೊರೆದ ಕುಳಿಗಳಿಗೆ ವಿನಿಗರ್ ತುಂಬಿ ಊರಿನವರು ನಾಣ್ಯಗಳನ್ನು ಇಡುತ್ತಿದ್ದರು. ಹೊರಗಿನವರು ಆಹಾರವಿಟ್ಟು ಆ ನಾಣ್ಯಗಳನ್ನು ಒಯ್ಯುತ್ತಿದ್ದರು. ಅದಕ್ಕಿಂತಲೂ ನನ್ನ ಮನಸ್ಸನ್ನು ಕಲಕುವುದು ಹೊಲದ ನಡುವಿನ ರೈಲಿ ಸಮಾಧಿಗಳು: ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ 1666ರ ಆಗಸ್ಟ್‌ನಲ್ಲಿ ಎಂಟೇ ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತಾನೊಬ್ಬಳೇ ಮಣ್ಣುಮಾಡಿದಳು.

ಅಲ್ಲಿ ಗಟ್ಟಿಯಾಗಿ ಮಾತನಾಡದೆ, ಗೋಡೆಯ ಮೇಲೆ ಕೂರದೆ, ಮಕ್ಕಳನ್ನು ಜೊತೆಯಲ್ಲೇ ಇರಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.