ಈ ಬೇಸಿಗೆ ದಾಟಿಸಿದ ನಮ್ಮೂರಿನವರಿಗೆ

ಮಳೆ ಹಿಡಿಯಿತು. ಈ ಸಲ ನಮ್ಮೂರಿನಲ್ಲಿ ಒಬ್ಬರಿಗೂ ಮಂಗನ ಕಾಯಿಲೆ, ಅಂದರೆ ಕಾಡಿನ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಬರುವ ಜ್ವರ, ಬರಲಿಲ್ಲ. ಆಶಾ ಕಾರ್ಯಕರ್ತೆಯಾಗಿ ಈ ಮಾತು ಬರೆಯುವಾಗ ಕಣ್ಣು ತುಂಬಿ ಬರುತ್ತಿದೆ.

ಹೋದ ವರ್ಷ ಮೂರು ಮನೆಗಳಲ್ಲಿ ಒಬ್ಬೊಬ್ಬರು ಇದೇ ಜ್ವರದಲ್ಲಿ ಮಲಗಿದ್ದರು. ದೇವರ ದಯೆ, ಮೂವರೂ ಎದ್ದು ಬಂದರು. ಆಗಲೂ ನಾನು ಮನೆಮನೆಗೆ ಉಣುಗು ಹತ್ತದಂತೆ ಮೈಗೆ ಸವರುವ ಡೇಪಾ ಎಣ್ಣೆ ಕೊಟ್ಟಿದ್ದೆ, ಕರಪತ್ರ ಓದಿ ಹೇಳಿದ್ದೆ. ಆಮೇಲೆ ನೋಡಿದರೆ ಎಷ್ಟೋ ಕಡೆ ಬಾಟಲಿಯ ಮುಚ್ಚಳವೇ ತೆಗೆದಿರಲಿಲ್ಲ. ಯಾಕೆ ಅಂತ ನಾನೂ ಕೇಳಿರಲಿಲ್ಲ.

ಈ ಸಲ ಕೇಳಿದೆ. ಕೈ ಜಿಡ್ಡಾಗಿ ಕತ್ತಿ ಜಾರುತ್ತದೆ ಎಂದರು. ಅದಕ್ಕೆ ದಾರಿ ತೋರಿಸಿದವರು ಕೆಳಗಿನ ಕೇರಿಯ ಅಜ್ಜಿ. ಕೊಟ್ಟಿಗೆಗೆ ದರಗು (ಒಣ ಎಲೆ) ತರಲು ಜನವರಿಯಿಂದ ದಿನಾ ಸೊಪ್ಪಿನಬೆಟ್ಟದ ಕಾಡಿಗೆ ಹೋಗುವವರು ಅವರು. ಎಳೆ ಉಣುಗು ಜಾಸ್ತಿ ಇರುವುದೂ ಅದೇ ದಿನಗಳಲ್ಲಿ, ಅದೇ ದರಗಿನಲ್ಲಿ. ಸಂಘದ ಸಭೆಯಲ್ಲಿ ಅಜ್ಜಿ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದರು. ಪಾದದಿಂದ ಮೇಲಕ್ಕೆ ಎಣ್ಣೆ ಸವರಿದರು, ಆಮೇಲೆ ತೋಳಿಗೆ. ಕೊನೆಗೆ ಅಂಗೈ ಮಾತ್ರ ಸೋಪು ಹಾಕಿ ತೊಳೆದು, ಒರೆಸಿಕೊಂಡು, ಕತ್ತಿ ಹಿಡಿದು ತೋರಿಸಿದರು. "ಬೆಟ್ಟದಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ. ಉಟ್ಟ ಬಟ್ಟೆನೂ ಬಿಸಿನೀರಿಗೇ ಹಾಕಿ" ಎಂದರು. ಮರುದಿನದಿಂದ ಬಾಟಲಿಗಳು ಖಾಲಿಯಾಗತೊಡಗಿದವು. ಅಜ್ಜಿ, ನಿಮ್ಮ ಋಣ ದೊಡ್ಡದು.

ಶಾಲೆಯ ಮಕ್ಕಳಿಗೆ ಧನ್ಯವಾದ. ತೋಟದ ಅಂಚಿನಲ್ಲಿ ಮುಸ್ಯ (ಕರಿಮುಖದ ಮಂಗ) ಸತ್ತು ಬಿದ್ದಿದ್ದನ್ನು ಕಂಡು ಯಾರೂ ಹತ್ತಿರ ಹೋಗಲಿಲ್ಲ, ಓಡಿ ಬಂದು ನನಗೆ ಹೇಳಿದರು. ಆರೋಗ್ಯ ಕೇಂದ್ರದವರು ಅವತ್ತೇ ಬಂದು ಸುತ್ತ 50 ಮೀಟರ್ ಉಣುಗು ಸಾಯುವ ಪುಡಿ ಹೊಡೆದರು.

ನಮ್ಮ ಡಾಕ್ಟರಿಗೂ ಒಂದು ಮಾತು. ಹೋದ ವರ್ಷ ಜ್ವರ ಬಂದ ಮನೆಗೆ ಅಕ್ಕಪಕ್ಕದವರು ಕಾಲಿಡುತ್ತಿರಲಿಲ್ಲ. ಆ ನೋವು ಜ್ವರಕ್ಕಿಂತ ಜಾಸ್ತಿ ಅಲ್ವಾ? ಡಾಕ್ಟರು ಅದೇ ಮನೆಯ ಜಗಲಿಯಲ್ಲಿ ಕೂತು, ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ ಎಂದು ಎಲ್ಲರೆದುರು ಹೇಳಿದರು. ಅಲ್ಲೇ ಕಾಫಿ ಕುಡಿದರು. ಆಮೇಲೆ ಒಬ್ಬೊಬ್ಬರಾಗಿ ನೆರೆಯವರೂ ಬಂದು ಕೂತರು.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ ಇದು, ಇನ್ನೂ ಹೋಗಿಲ್ಲ. ಹಳೆಯ ಲಸಿಕೆಯನ್ನೂ ನಿಲ್ಲಿಸಿದ್ದಾರೆ. ಹಾಗಾಗಿ ನವೆಂಬರಿನಲ್ಲಿ ಮತ್ತೆ ಎಣ್ಣೆ ಹಿಡಿದು ಬರುತ್ತೇನೆ. ಅಜ್ಜಿ, ಆಗಲೂ ಸಭೆಗೆ ನೀವೇ ಬರಬೇಕು. ಮೊದಲ ಬಾಟಲಿ ನಿಮಗೆ ತೆಗೆದಿಟ್ಟಿರುತ್ತೇನೆ.